ಡ್ರಮ್ಮಿನ ಪಕ್ಕ ನಿಂತ ಕಂಬಣ್ಣ

ಬೆಳಗಿನ ಐದೂ ಇಪ್ಪತ್ತು. ಬೀದಿದೀಪ ಇನ್ನೂ ಆರಿಲ್ಲ. ನಡುಮನೆಯ ಮೂಲೆಯಲ್ಲಿ ಕಂಬಣ್ಣ ಸ್ಟೂಲಿನ ಮೇಲೆ ಕೂತು, ತಮ್ಮ ಬೇಸ್ ಗಿಟಾರಿನ ತಲೆಭಾಗವನ್ನು ಮರದ ಬೀರುವಿಗೆ ಒತ್ತಿ ಹಿಡಿದಿದ್ದಾರೆ. ಗಿಟಾರಿಗೆ ವೈರು ಚುಚ್ಚಿಲ್ಲ, ಸ್ಪೀಕರ್ ಹಚ್ಚಿಲ್ಲ. ಅವೆರಡೂ ಇಲ್ಲದಾಗ ಈ ವಾದ್ಯಕ್ಕೆ ಸೊಳ್ಳೆಯಷ್ಟೂ ದನಿ ಇರುವುದಿಲ್ಲ. ಆದರೆ ಮರಕ್ಕೆ ಮರ ತಾಗಿದ ಕೂಡಲೇ ತಂತಿಯ ನಡುಕ ಬೀರುವಿನ ಬಾಗಿಲಿಗೆ ದಾಟುತ್ತದೆ. ಮಡಚಿಟ್ಟ ಬಟ್ಟೆಗಳ ಸಮೇತ ಇಡೀ ಬೀರು ಮೆಲ್ಲಗೆ ಗುಂಯ್‌ಗುಡತೊಡಗುತ್ತದೆ. ಅವರಿಗೆ ಅಷ್ಟು ಸಾಕು. ಕಣ್ಣು ಎಡಗೈಯ ಉಂಗುರದ ಬೆರಳಿನ ಮೇಲೆಯೇ ಇದೆ. ಒತ್ತುತ್ತಾರೆ, ಬಿಡುತ್ತಾರೆ. ಬೆರಳು ಎದ್ದು ಬರುತ್ತದೆಯೇ ಎಂದು ನೋಡುತ್ತಾರೆ. ಮತ್ತೆ ಒತ್ತುತ್ತಾರೆ.

ಅಡುಗೆಮನೆಯ ಗಡಿಯಾರ ಟ್ರಿಣ್ ಎನ್ನುತ್ತದೆ. ಒಳಗಿನಿಂದ ಹೆಂಡತಿಯ ದನಿ ಬರುತ್ತದೆ. "ರೀ, ಹತ್ತು ನಿಮಿಷ ಆಯ್ತು. ಡಾಕ್ಟ್ರು ಹೇಳಿದ್ದು ಹತ್ತೇ. ಬೀರೊಳಗಿನ ಬಟ್ಟೆಗೂ ಸ್ವಲ್ಪ ನಿದ್ದೆ ಬೇಕು."

ಬೀರು ಒರಗಿದ ಗೋಡೆಯ ಆಚೆ ಮಲಗುವವರು ಅತ್ತೆ. ಏಳು ವರ್ಷದಿಂದ ಅವರಿಗೆ ಕಿವಿ ಕೇಳುವುದಿಲ್ಲ. ಬಾಗಿಲು ಬಡಿದರೂ ಗೊತ್ತಾಗದು. ಆದರೆ ಅವರ ಮಂಚ ಅದೇ ಗೋಡೆಗೆ ತಾಗಿಕೊಂಡಿದೆ. ಕಾಫಿ ಲೋಟ ಹಿಡಿದು ಹೊರಬಂದವರು ಅಳಿಯನನ್ನು ನೋಡಿ ಹೇಳುತ್ತಾರೆ: "ನಿನ್ನೆಗಿಂತ ಇವತ್ತು ವಾಸಿ ಅಳಿಯಂದ್ರೇ. ನಿನ್ನೆ ನಡುನಡುವೆ ಕಾಲು ಜಾರಿದ ಹಾಗಾಗ್ತಿತ್ತು."

ಕಂಬಣ್ಣ ನಗುತ್ತಾರೆ. ಇವತ್ತು ಶನಿವಾರ. ಹನ್ನೊಂದು ವಾರಗಳ ನಂತರ ಮಧ್ಯಾಹ್ನ ಅವರು ಮತ್ತೆ ವೇದಿಕೆ ಹತ್ತಬೇಕು. ಬೆರಳು ಮೂರು ಗಂಟೆ ತಡೆದರೆ ಕೆಲಸ ಉಳಿಯುತ್ತದೆ. ತಡೆಯದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

ಕಂಬಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಡ್ರಮ್ಮಿನ ಪಕ್ಕದಲ್ಲಿ ಒಮ್ಮೆ ನಿಂತರೆ ಕಾರ್ಯಕ್ರಮ ಮುಗಿಯುವವರೆಗೆ ಅಲ್ಲಾಡದ ಕಾರಣ ಜೊತೆಯವರು ಕಟ್ಟಿದ ಹೆಸರು. ಮೂವತ್ತೊಂದು ವರ್ಷಗಳಿಂದ ಅವರು ಬೇರೆಯವರ ಹಾಡುಗಳನ್ನು ನುಡಿಸುತ್ತಿದ್ದಾರೆ. ಮದುವೆ, ಕಚೇರಿಯ ಪಾರ್ಟಿ, ಹೋಟೆಲಿನ ಭಾನುವಾರದ ಊಟ, ನಿವೃತ್ತರ ಸಂಘದ ಶನಿವಾರ ಮಧ್ಯಾಹ್ನದ ನೃತ್ಯ, ಎಲ್ಲ ಸೇರಿ ವರ್ಷಕ್ಕೆ ಸುಮಾರು ನೂರಿಪ್ಪತ್ತು ಕಾರ್ಯಕ್ರಮ. ತಲೆಯಲ್ಲಿ ಆರುನೂರ ನಲವತ್ತು ಹಾಡುಗಳಿವೆ. ಜನ ಕೇಳುವುದು ಅದರಲ್ಲಿ ತೊಂಬತ್ತನ್ನು ಮಾತ್ರ. ಸ್ವಂತದ್ದು ಒಂದೂ ಇಲ್ಲ. "ಮಾಡ್ಬೇಕು ಅನ್ನಿಸಲೇ ಇಲ್ಲ" ಎನ್ನುತ್ತಾರೆ. "ಇರೋ ಹಾಡನ್ನ ಕೆಡಿಸದೆ ಬಾರಿಸೋದೇ ಒಂದು ಜನ್ಮದ ಕೆಲಸ."

ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು ನಲವತ್ತೊಂದು ಸಲ ಕಂಪಿಸುತ್ತದೆ. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ನಿಧಾನದ ಕಂಪನವನ್ನು ಹೊರಡಿಸುವ ಶಕ್ತಿ ಇರುವುದಿಲ್ಲ. ಹಾಗಾಗಿ ಕಂಬಣ್ಣನದು ವಿಚಿತ್ರ ಪಾಡು. "ಯಾರಾದ್ರೂ ನಮ್ಮ ಕಾರ್ಯಕ್ರಮ ರೆಕಾರ್ಡ್ ಮಾಡಿ ಕಳಿಸ್ತಾರೆ. ಅದರಲ್ಲಿ ಹಾಡೋರು ಇರ್ತಾರೆ, ಡ್ರಮ್ ಇರುತ್ತೆ, ಮುಂದಿನ ಸಾಲಲ್ಲಿ ಯಾರೋ ಕೆಮ್ಮಿದ್ದೂ ಇರುತ್ತೆ. ನಾನೊಬ್ಬನೇ ಇರಲ್ಲ. ನಮ್ಮ ಮನೇಲೇ ಕೇಳಿದಾರೆ, ನೀವು ಅವತ್ತು ಹೋಗಿರಲಿಲ್ವಾ ಅಂತ."

ಈ ಕೆಲಸಕ್ಕೆ ಅವರು ಬಂದಿದ್ದು ಸೋತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಗೆಳೆಯರೆಲ್ಲ ಸೇರಿ ಬ್ಯಾಂಡು ಕಟ್ಟಿದಾಗ ನೋಡಿದರೆ ಮೂವರೂ ಗಿಟಾರಿನವರು. ಬೇಸ್ ಹಿಡಿಯಲು ಯಾರಿಗೂ ಮನಸ್ಸಿಲ್ಲ. ಚೀಟಿ ಎತ್ತಿದರು. "ಒಂದು ತಿಂಗಳ ಮಟ್ಟಿಗೆ ಅಂತ ಮಾತಾಗಿತ್ತು. ಆ ತಿಂಗಳು ಇನ್ನೂ ಮುಗಿದಿಲ್ಲ." ಗೆದ್ದ ಇಬ್ಬರಲ್ಲಿ ಒಬ್ಬರು ಈಗ ಔಷಧಿ ಅಂಗಡಿ ಇಟ್ಟಿದ್ದಾರೆ, ಇನ್ನೊಬ್ಬರು ಮಕ್ಕಳಿಗೆ ಈಜು ಕಲಿಸುತ್ತಾರೆ. ಗಿಟಾರು ಬಾರಿಸುವವರು ಊರ ತುಂಬ, ಬೇಸ್ ಬಾರಿಸುವವರು ಬೆರಳೆಣಿಕೆಯಷ್ಟು. ಸೋತವನಿಗೇ ಹೊಟ್ಟೆಪಾಡು ಗಟ್ಟಿಯಾಯಿತು.

ಬೆರಳು ಕೈಕೊಡುವವರೆಗೆ ಅವರು ಒಟ್ಟಿಗೆ ಮೂರು ಬ್ಯಾಂಡುಗಳಲ್ಲಿ ನುಡಿಸುತ್ತಿದ್ದರು. ಅದರ ತೊಡಕು ಹೊರಗಿನವರಿಗೆ ತಿಳಿಯುವಂಥದ್ದಲ್ಲ. ಒಂದೇ ಹಾಡು ಮೂರೂ ಬ್ಯಾಂಡಿನಲ್ಲಿರುತ್ತದೆ, ಹಾಡುವ ಗಂಟಲು ಮಾತ್ರ ಬೇರೆ, ಅದಕ್ಕೆ ತಕ್ಕಂತೆ ಶ್ರುತಿಯೂ ಬೇರೆ. ಎಲ್ಲವನ್ನೂ ನೆನಪಿಡಲು ಅವರು ಕಂಡುಕೊಂಡ ಉಪಾಯ ಅಂಗಿಯ ತೋಳು. ಮದುವೆ ಬ್ಯಾಂಡಿಗೆ ಬಿಳಿ ಅಂಗಿ, ಹೋಟೆಲಿಗೆ ಕಂದು, ಶನಿವಾರದ ನೃತ್ಯಕ್ಕೆ ಕಪ್ಪು. ಮಣಿಕಟ್ಟಿನ ಬಣ್ಣ ಕಂಡರೆ ಬೆರಳು ತಾನಾಗಿ ಆ ಬ್ಯಾಂಡಿನ ಜಾಗಕ್ಕೆ ಹೋಗುತ್ತಿತ್ತು. ಒಂಬತ್ತು ವರ್ಷದ ಹಿಂದೊಂದು ಶನಿವಾರ ಕಪ್ಪು ಅಂಗಿ ಒಣಗಿರಲಿಲ್ಲ. ಕಂಬಣ್ಣ ಬಿಳಿಯದನ್ನು ತೊಟ್ಟು ಹೋದರು. ಎರಡನೆಯ ಹಾಡು ಶುರುವಾಗುವುದೇ ಬೇಸ್‌ನಿಂದ. ಅವರು ಮದುವೆ ಬ್ಯಾಂಡಿನ ಶ್ರುತಿಯಲ್ಲಿ ಎತ್ತಿಕೊಂಡರು, ಉಳಿದವರು ಬೇರೆ ದಾರಿ ಕಾಣದೆ ಹಿಂಬಾಲಿಸಿದರು. ಗಾಯಕಿ ಹೇಗೋ ಕೊನೆಯವರೆಗೆ ಏರಿ ಏರಿ ಹಾಡಿದರು. ಅವರ ಕತ್ತಿನ ನರ ಹುರಿಯಂತೆ ಎದ್ದಿತ್ತಂತೆ. ವಿರಾಮದಲ್ಲಿ ನೀರು ಕುಡಿದು ಅವರು ಹೇಳಿದ್ದು ಇಷ್ಟೇ: "ಅಣ್ಣಾ, ಹರಿದಿದ್ರೂ ಪರವಾಗಿಲ್ಲ, ಒದ್ದೆ ಇದ್ರೂ ಪರವಾಗಿಲ್ಲ. ಕರೀ ಅಂಗೀನೇ ಹಾಕ್ಕೊಂಡು ಬನ್ನಿ."

ಕಳೆದ ವರ್ಷ ಬೆರಳು ಕಾಟ ಕೊಡಲು ಶುರುವಿಟ್ಟಿತು. ಮಡಚಿದ ಉಂಗುರದ ಬೆರಳು ಬಿಚ್ಚಿಕೊಳ್ಳುವಾಗ ಟಕ್ಕೆಂದು ಸಿಕ್ಕಿಕೊಳ್ಳುತ್ತಿತ್ತು. ಬೆರಳನ್ನು ಎಳೆಯುವ ಸ್ನಾಯುವಿನ ಹುರಿ ಊದಿಕೊಂಡು, ತಾನು ಹಾದುಹೋಗುವ ಕೊಳವೆಯಲ್ಲಿ ಜಾರಲಾರದೆ ತಡೆಯುವ ಕಾಯಿಲೆ ಅದು. ಎಂಟು ತಿಂಗಳು ಅವರು ಯಾರಿಗೂ ಹೇಳಲಿಲ್ಲ. ಆ ಬೆರಳಿನ ಪಾಲಿನ ಕೆಲಸವನ್ನೆಲ್ಲ ನಡುಬೆರಳಿಗೆ ವಹಿಸಿ, ತೊಂಬತ್ತು ಹಾಡುಗಳನ್ನೂ ಮನೆಯಲ್ಲಿ ಕೂತು ಹೊಸದಾಗಿ ಕಲಿತರು. ಒಬ್ಬರಿಗೂ ಗೊತ್ತಾಗಲಿಲ್ಲ. ಹೋಟೆಲಿನಲ್ಲಿ ಒಂದು ಭಾನುವಾರ ಬೆರಳು ಪೂರ್ತಿ ಮಡಚಿಕೊಂಡು ನಿಂತೇಬಿಟ್ಟಿತು. ಬಲಗೈಯಿಂದ ಎಳೆದು ಬಿಡಿಸಬೇಕಾಯಿತು. ಆಮೇಲೆಯೇ ಆಸ್ಪತ್ರೆ.

ಶಸ್ತ್ರಚಿಕಿತ್ಸೆ ಕಾಲು ಗಂಟೆಯದ್ದು. ನೂರಕ್ಕೆ ತೊಂಬತ್ತೈದು ಜನರಿಗೆ ಸರಿಹೋಗುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದರು. ಕಂಬಣ್ಣ ಕೇಳಿದರು: "ಬಾಕಿ ಐದು ಜನ ಏನು ಕೆಲಸ ಮಾಡ್ಕೊಂಡಿದಾರೆ ಡಾಕ್ಟ್ರೇ?" ಡಾಕ್ಟರು ಶಸ್ತ್ರಚಿಕಿತ್ಸೆಯ ತಾರೀಕು ಬರೆದುಕೊಟ್ಟರು.

ಹೋಟೆಲಿನವರು ಕಾಯಲಿಲ್ಲ. ಮದುವೆ ಬ್ಯಾಂಡಿನವರು ಬೇರೊಬ್ಬರನ್ನು ಹುಡುಕಿಕೊಂಡರು. ಶನಿವಾರದ ಬ್ಯಾಂಡಿನ ಯಜಮಾನರು, ಅಂದರೆ ಡ್ರಮ್ ಬಾರಿಸುವವರು, ಮಾತ್ರ ಜಾಗ ಖಾಲಿ ಇಟ್ಟರು. ಅಲ್ಲಿಯವರೆಗೆ ಒಂದು ಪೆಟ್ಟಿಗೆ ತಂದರು. ಗುಂಡಿ ಒತ್ತಿದರೆ ಮೊದಲೇ ಧ್ವನಿಮುದ್ರಿಸಿದ ಬೇಸ್ ಬರುತ್ತದೆ. ಪೆಟ್ಟಿಗೆಗೆ ಬೆನ್ನುನೋವಿಲ್ಲ, ಅಂಗಿ ಬೇಡ, ತಾಳ ತಪ್ಪುವ ಮಾತೇ ಇಲ್ಲ. "ಮೊದಲ ಎರಡು ವಾರ ಯಾರಾದ್ರೂ ಫೋನ್ ಮಾಡ್ತಾರೇನೋ ಅಂತ ಕಾದೆ" ಎನ್ನುತ್ತಾರೆ ಕಂಬಣ್ಣ. "ಬೇಸ್ ಇಲ್ದೆ ಕಷ್ಟ ಆಗ್ತಿದೆ ಅಂತ. ಯಾರೂ ಮಾಡ್ಲಿಲ್ಲ. ಕೈ ನೋವಿಗಿಂತ ಅದೇ ಜಾಸ್ತಿ ನೋವು."

ಫೋನು ಬಂದದ್ದು ಒಂಬತ್ತನೇ ವಾರದಲ್ಲಿ. ಆ ಶನಿವಾರ ಒಬ್ಬ ಅಜ್ಜ ಅಜ್ಜಿಯ ಮದುವೆಗೆ ಐವತ್ತು ವರ್ಷ ತುಂಬಿತ್ತು. ಅವರಿಗೆ ಬೇಕಾದ ನಿಧಾನದ ಹಾಡನ್ನು ಗಾಯಕಿ ಎತ್ತಿಕೊಂಡರು. ಅಜ್ಜಿ ಸಭಾಂಗಣದ ನಡುವೆ ಬಂದು ನಿಂತರು. ಅಜ್ಜ ಊರುಗೋಲು ಹಿಡಿದು ಬಾಗಿಲ ಬಳಿಯ ಕುರ್ಚಿಯಿಂದ ಎದ್ದು ಹೊರಟರು. ಒಂದೊಂದು ಹೆಜ್ಜೆಗೂ ಹೊತ್ತು ಹಿಡಿಯುತ್ತಿತ್ತು. ಇಂಥ ಕಡೆ ಕಂಬಣ್ಣ ಕಣ್ಣಲ್ಲೇ ಅಳತೆ ಹಾಕಿ, ಹಾಡಿನ ಕೊನೆಯ ಭಾಗವನ್ನು ಇನ್ನೊಂದು ಸುತ್ತು, ಬೇಕಾದರೆ ಮತ್ತೊಂದು ಸುತ್ತು ತಿರುಗಿಸುತ್ತಿದ್ದರು. ಉಳಿದವರು ಕೇಳದೆಯೇ ಜೊತೆಗೂಡುತ್ತಿದ್ದರು. ಪೆಟ್ಟಿಗೆಗೆ ಕಣ್ಣಿಲ್ಲ. ಮೂರು ನಿಮಿಷ ನಲವತ್ತು ಸೆಕೆಂಡಿಗೆ ಅದು ಹಾಡು ಮುಗಿಸಿತು. ಅಜ್ಜ ಇನ್ನೂ ನಾಲ್ಕು ಹೆಜ್ಜೆ ದೂರದಲ್ಲಿದ್ದರು. "ಮುಗೀತಾ?" ಎಂದರಂತೆ.

ಯಜಮಾನರು ಫೋನಿನಲ್ಲಿ ಹೇಳಿದ್ದು ಕಂಬಣ್ಣನಿಗೆ ಬಾಯಿಪಾಠವಾಗಿದೆ. "ಪೆಟ್ಟಿಗೆ ಒಂಚೂರೂ ತಪ್ಪಲಿಲ್ಲ ಕಂಬಾ. ಅದೇ ತೊಂದರೆ ಆಗಿದ್ದು. ನಾನು ಮುದುಕರ ಮುಖ ನೋಡೋಕಾಗದೆ ಡ್ರಮ್ಮಿನ ತಿರುಪು ಬಿಗೀತಾ ಕೂತಿದ್ದೆ. ಬಂದುಬಿಡು." ಉಳಿದದ್ದನ್ನೂ ಹೇಳಿದರು: "ಕೈ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ಬೇರೆಯವರನ್ನ ಹುಡುಕ್ತೀನಿ. ಬೇಜಾರು ಮಾಡ್ಕೋಬೇಡ."

"ಬೆರಳನ್ನ ಒಂದು ಮಾತು ಕೇಳಿ ಹೇಳ್ತೀನಿ" ಎಂದರು ಕಂಬಣ್ಣ. ಎರಡು ವಾರ ಬೀರುವಿಗೆ ಗಿಟಾರು ಒತ್ತಿ ಕೇಳಿದ್ದು ಅದನ್ನೇ.

ಮಧ್ಯಾಹ್ನ ಎರಡೂವರೆ. ಸಂಘದ ಸಭಾಂಗಣದಲ್ಲಿ ಮರದ ನೆಲ, ಗೋಡೆಗುಂಟ ಪ್ಲಾಸ್ಟಿಕ್ ಕುರ್ಚಿ, ಅರ್ಧ ಎಳೆದ ಪರದೆ. ಸುಮಾರು ನಲವತ್ತು ಜೋಡಿ ಬಂದಿವೆ. ಡ್ರಮ್ಮಿನ ಎಡಕ್ಕೆ ಕಂಬಣ್ಣ, ಬಲಕ್ಕೆ ಒಂದು ಕುರ್ಚಿಯ ಮೇಲೆ ಪೆಟ್ಟಿಗೆ. ಅದರ ಕೆಂಪು ದೀಪ ಉರಿಯುತ್ತಿದೆ.

"ಅದ್ಯಾಕೆ ಉರೀತಿದೆ?" ಎನ್ನುತ್ತಾರೆ ಕಂಬಣ್ಣ.

"ಇರಲಿ ಬಿಡು. ನಿನ್ನ ಮುಖ ನೋಡಿದ್ರೆ ನಂಗೇ ಎದೆ ಹೊಡ್ಕೊಳ್ತಿದೆ" ಎನ್ನುತ್ತಾರೆ ಯಜಮಾನರು.

"ನೀವಿಬ್ಬರೂ ಹೀಗೆ ಹೆದರಿಕೊಂಡ್ರೆ ನಾನು ಯಾರನ್ನ ನಂಬ್ಕೊಂಡು ಹಾಡ್ಲಿ?" ಎಂದು ಗಾಯಕಿ ಮೈಕು ಹಿಡಿಯುತ್ತಾರೆ.

ಮೊದಲರ್ಧ ನೀರು ಕುಡಿದಷ್ಟು ಸಲೀಸು. ಹನ್ನೊಂದು ಹಾಡು ಮುಗಿಯುತ್ತವೆ. ವಿರಾಮದಲ್ಲಿ ಕಂಬಣ್ಣ ಬೆರಳನ್ನು ಹತ್ತು ಸಲ ಮಡಚಿ ಬಿಡಿಸಿ ನೋಡುತ್ತಾರೆ. ಅಂಗೈಯ ಗಾಯದ ಗುರುತು ಕೆಂಪಗಾಗಿದೆ, ನೋವಿಲ್ಲ.

ಎರಡನೆಯ ಅರ್ಧದ ಮೂರನೆಯ ಹಾಡು ಮೂರು ಪೆಟ್ಟಿನದು. ಪ್ರತಿ ಸುತ್ತಿನ ಮೊದಲ ಪೆಟ್ಟು ಬೇಸ್‌ಗೆ ಮೀಸಲು, ನಲವತ್ತು ಜೋಡಿಯೂ ಕಾಲಿಡುವುದು ಅದರ ಮೇಲೆಯೇ. ಹಾಡಿನ ನಡುವೆ ಒಂದು ಕಡೆ ಆ ಪೆಟ್ಟು ಬರುವುದಿಲ್ಲ. ಗಾಯಕಿ ಸಾಲಿನ ಮಧ್ಯದಲ್ಲೇ ಹಿಂತಿರುಗಿ ನೋಡುತ್ತಾರೆ. ಯಜಮಾನರ ತಲೆ ಗಿರ್ರನೆ ಎಡಕ್ಕೆ ತಿರುಗುತ್ತದೆ, ಬಲಗೈ ಪೆಟ್ಟಿಗೆಯ ಕಡೆ ಅರ್ಧ ಚಾಚಿಕೊಳ್ಳುತ್ತದೆ. ನೆಲದ ಮೇಲೆ ಹಸಿರು ಶಾಲು ಹೊದ್ದ ಒಬ್ಬ ಅಜ್ಜಿ ಜೊತೆಗಾರರ ಪಾದ ತುಳಿದು, ನಿಂತು, ನೇರ ಕಂಬಣ್ಣನನ್ನೇ ದಿಟ್ಟಿಸುತ್ತಾರೆ.

ಬೆರಳು ಸಿಕ್ಕಿಕೊಂಡಿತು ಎಂದೇ ಕಂಬಣ್ಣನ ಎಣಿಕೆ. ಕೆಳಗೆ ನೋಡುತ್ತಾರೆ. ಬೆರಳು ನೆಟ್ಟಗೆ, ಸಲೀಸಾಗಿ, ತಂತಿಯ ಮೇಲೆ ಅಪ್ಪಣೆಗೆ ಕಾಯುತ್ತ ನಿಂತಿದೆ. ಎಂಟು ತಿಂಗಳು ಕದ್ದು ಕಲಿತ ಚಾಳಿ ಹಾಗೆಯೇ ಉಳಿದಿತ್ತು. ಆ ಜಾಗ ತನ್ನದೆಂದು ನಡುಬೆರಳು ಹೊರಟಿತ್ತು, ಉಂಗುರದ ಬೆರಳೂ ಹೊರಟಿತ್ತು. ನೀನು ಒತ್ತು, ನೀನು ಒತ್ತು ಎಂಬ ಉಪಚಾರದಲ್ಲಿ ಇಬ್ಬರೂ ಒತ್ತಲಿಲ್ಲ. ರೋಗ ಬೆರಳಿನಲ್ಲಿರಲಿಲ್ಲ. ಮುಂದಿನ ಸುತ್ತು ಬಂದಾಗ ಕಂಬಣ್ಣ ಉಂಗುರದ ಬೆರಳನ್ನೇ ಇಡುತ್ತಾರೆ. ಪೆಟ್ಟು ನೆಲದೊಳಗಿನಿಂದ ಎದ್ದು ಬರುತ್ತದೆ. ಅಜ್ಜಿ ಮತ್ತೆ ಜೊತೆಗಾರರ ಭುಜಕ್ಕೆ ಕೈ ಇಡುತ್ತಾರೆ. ಇನ್ನುಳಿದ ಒಂದು ಗಂಟೆಯಲ್ಲಿ ಯಾರ ತಲೆಯೂ ಆ ಕಡೆ ತಿರುಗುವುದಿಲ್ಲ.

ಐದೂ ಮುಕ್ಕಾಲಿಗೆ ವೈರು ಸುತ್ತುವ ಹೊತ್ತು. ಯಜಮಾನರು ಪೆಟ್ಟಿಗೆಯ ದೀಪ ಆರಿಸುತ್ತಾರೆ. "ಇದನ್ನ ಮಾರ್ಬಿಡೋಣ. ಸುಮ್ನೆ ಒಂದು ಕುರ್ಚಿ ದಂಡ." ಕಂಬಣ್ಣ ಸಭಾಂಗಣದ ಮೆಟ್ಟಿಲ ಮೇಲೆ ಕೂತಿದ್ದಾರೆ. ಹೆಂಡತಿಯ ಫೋನು.

"ಬೆರಳು?"

"ಇದೆ."

"ಕೆಲಸ?"

"ಅದೂ ಇದೆ."

"ಹಾಗಾದ್ರೆ ಬರ್ತಾ ಸೋಪಿನ ಪುಡಿ ತನ್ನಿ."

ಫೋನು ಜೇಬಿಗೆ ಸೇರಿಸಿ ಕಂಬಣ್ಣ ಎಡಗೈಯನ್ನು ಸಂಜೆಯ ಬೆಳಕಿಗೆ ಹಿಡಿದು ಒಮ್ಮೆ ಹಿಂದೆ ಮುಂದೆ ನೋಡುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಆ ಬೆರಳನ್ನೊಮ್ಮೆ ಮಡಚಿ ಬಿಡಿಸಿ ಹೇಳುತ್ತಾರೆ:

"ಇಷ್ಟು ವರ್ಷ ಬಾರಿಸಿದೆ, ಯಾರಿಗೂ ಕೇಳಿಸುತ್ತೋ ಇಲ್ವೋ ಅಂತ ಒಂದು ಅನುಮಾನ ಇದ್ದೇ ಇತ್ತು. ಇವತ್ತು ಒಂದೇ ಒಂದು ಪೆಟ್ಟು ಬಿಟ್ಟೆ, ಮೂರು ಜನ ತಿರುಗಿ ನೋಡಿದ್ರು. ಸಾಕಪ್ಪ ಅನ್ನಿಸ್ತು. ಇನ್ನೇನೂ ಬೇಡ. ಬರೋ ಶನಿವಾರ ಯಾರೂ ತಿರುಗಿ ನೋಡಬಾರದು, ಅಷ್ಟೇ."