ಬೀಗರ ಟ್ಯಾಂಕಿಗೆ ಬಸ್ತಾ

ನನ್ನ ಮಾವನವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಸವೆದು ನುಣ್ಣಗೆ ಹೊಳೆಯುತ್ತಿದ್ದವು. ಸೊಲ್ಲಾಪುರದ ನವಿ ಪೇಠದಲ್ಲಿ ಅವರದು ಬಟ್ಟೆ ಅಂಗಡಿ. ಜೀವಮಾನವೆಲ್ಲ ಅರಿವೆಯನ್ನು ಆ ಎರಡು ಬೆರಳುಗಳ ನಡುವೆ ತಿಕ್ಕಿ ನೋಡಿ ನೋಡಿ ಹಾಗಾಗಿತ್ತು. ಅಂಗಡಿ ಮುಚ್ಚಿ ಮನೆಗೆ ಬಂದರೂ ಆ ಬೆರಳುಗಳಿಗೆ ರಜೆ ಇರಲಿಲ್ಲ. ಊಟಕ್ಕೆ ಕೂತರೆ ರೊಟ್ಟಿಯ ಅಂಚು ತಿಕ್ಕುವರು, ಪೇಪರು ಬಂದರೆ ಓದುವ ಮೊದಲು ಹಾಳೆ ತಿಕ್ಕುವರು. ಬಟ್ಟೆಯ ನೇಯ್ಗೆಯ ಮೈಗೆ ನಮ್ಮ ಕಡೆ ಪೋತ ಅನ್ನುತ್ತಾರೆ. ಮಾವನವರ ಪ್ರಕಾರ ಜಗತ್ತಿನಲ್ಲಿ ಎಲ್ಲದಕ್ಕೂ ಒಂದು ಪೋತ ಇತ್ತು. ನಾನು ಆ ಮನೆಯಲ್ಲಿ ಮೊದಲ ಸಲ ಕಡಲೆಹಿಟ್ಟಿನ ಝುಣಕ ಮಾಡಿದಾಗ, "ರುಚಿ ಅದ, ಆದ್ರ ಪೋತ ಇಲ್ಲ ಸೂನಬಾಯಿ" ಎಂದು ತೀರ್ಪು ಕೊಟ್ಟು ಎರಡು ಸಲ ಬಡಿಸಿಕೊಂಡರು. ಸೊಸೆಯನ್ನು ಮರಾಠಿಯಲ್ಲಿ ಕರೆಯುವುದು, ಬೈಯುವುದು ಮಾತ್ರ ಕನ್ನಡದಲ್ಲಿ, ಇದು ಅವರ ಕ್ರಮ.

ಇಂಥ ಮನುಷ್ಯನಿಗೆ ಟ್ಯಾಂಕಿನ ಹುಚ್ಚು. ಸೊಲ್ಲಾಪುರದಲ್ಲಿ ಟ್ಯಾಂಕು ಎಂದರೆ ಜನ ನೀರಿನದೆಂದೇ ತಿಳಿಯುತ್ತಾರೆ. ಮಾವನವರದು ಯುದ್ಧದ ಟ್ಯಾಂಕು, ಅಂಗೈ ಮೇಲೆ ಕೂರುವಂಥದು. ಮಗನ ಹುಟ್ಟುಹಬ್ಬಕ್ಕೆಂದು ಎಂದೋ ತುಂಡು ತುಂಡಾಗಿ ಬರುವ, ನಾವೇ ಜೋಡಿಸಬೇಕಾದ ಟ್ಯಾಂಕಿನ ಒಂದು ಡಬ್ಬಿ ತಂದಿದ್ದರಂತೆ. ಮಗ, ಅಂದರೆ ನನ್ನ ಗಂಡ, ಅದನ್ನು ತೆರೆದು ನೋಡಿ ಕ್ರಿಕೆಟ್ ಆಡಲು ಹೋದ. ಅಪ್ಪ ಅಲ್ಲೇ ಕೂತುಬಿಟ್ಟರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಮನೆಯ ಅಟ್ಟದ ಮೇಲೆ ಒಂದು ಸಣ್ಣ ಸೈನ್ಯವೇ ಇತ್ತು, ಅದರ ಧೂಳು ಒರೆಸುವ ಹಕ್ಕು ಯಾರಿಗೂ ಇರಲಿಲ್ಲ.

ಪ್ಲಾಸ್ಟಿಕ್ಕಿನ ತುಂಡುಗಳನ್ನು ಅಂಟಿಸುವುದರಲ್ಲಿ ಅವರಿಗೆ ಅಷ್ಟೇನೂ ಆಸೆ ಇರಲಿಲ್ಲ. ಆಸೆಯೆಲ್ಲ ಬೇರೆಯಾಗಿ ತರಿಸುವ ಹೆಚ್ಚಿನ ಭಾಗಗಳ ಮೇಲೆ. ಡಬ್ಬಿಯಲ್ಲಿ ಬರುವ ತೋಪಿನ ನಳಿಕೆ ಪ್ಲಾಸ್ಟಿಕ್ಕಿನದು. ಅದನ್ನು ಬಿಸಾಕಿ ಲೋಹದ್ದು ಹಾಕಬೇಕು. ದೀಪದ ಮುಂದಿನ ಜಾಳಿಗೆಗೆ ಕಾಗದದಷ್ಟು ತೆಳುವಾದ ಹಿತ್ತಾಳೆ ತಗಡು. ಗಾಲಿಗಳ ಸುತ್ತ ಕೊಂಡಿ ಕೊಂಡಿಯಾಗಿ ಜೋಡಿಸುವ ಪಟ್ಟಿ, ರೆಸಿನ್ ಎಂಬ ಗಟ್ಟಿಯಾಗುವ ರಾಳದಲ್ಲಿ ಎರಕ ಹೊಯ್ದ ಚೀಲ, ಬಕೀಟು. ಎಲ್ಲಿಂದಲೋ ಪಾರ್ಸೆಲ್ ಬರುವುದು, ಇವರು ಅದನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಒಂದೊಂದನ್ನೇ ತಿಕ್ಕಿ, "ಇದು ಬ್ಯಾಡ" ಎಂದು ಪಕ್ಕಕ್ಕಿಡುವುದು. "ಡಬ್ಬಿಯೊಳಗ ಬರೇ ಹುಡುಗಿ ಬರ್ತಾಳ ಸೂನಬಾಯಿ, ಬಸ್ತಾ ನಾವ ಕಟ್ಟಬೇಕು" ಎನ್ನುತ್ತಿದ್ದರು.

ಮದುವೆಗೆ ಬೇಕಾದ ಸೀರೆ ಧೋತರಗಳನ್ನೆಲ್ಲ ಎರಡೂ ಕಡೆಯವರು ಒಟ್ಟಿಗೆ ಕೂತು ಆರಿಸುವುದಕ್ಕೆ ನಮ್ಮಲ್ಲಿ ಬಸ್ತಾ ಎನ್ನುತ್ತಾರೆ. ನನ್ನ ಮದುವೆಯ ಬಸ್ತಾ ಸಹಜವಾಗಿಯೇ ಮಾವನವರ ಅಂಗಡಿಯಲ್ಲಿ ನಡೆಯಿತು, ಅಲ್ಲೇ ಕೆಟ್ಟಿತು.

ನನ್ನ ತವರು ಅಕ್ಕಲಕೋಟ ತಾಲೂಕಿನ ಮೈಂದರ್ಗಿ. ಅಪ್ಪ ಸೈನ್ಯದಲ್ಲಿ ಟ್ಯಾಂಕಿನ ಚಾಲಕನಾಗಿದ್ದು ನಿವೃತ್ತನಾಗಿ ಹೊಲ ನೋಡಿಕೊಂಡಿದ್ದವನು. ಆ ದಿನ ನನ್ನ ಸೋದರತ್ತೆ, ಚಿಕ್ಕಮ್ಮಂದಿರು ಇಡೀ ದಿನ ಸೀರೆ ಬಿಚ್ಚಿಸುವ ಹುರುಪಿನಲ್ಲಿ ಮೊದಲ ಬಸ್ಸಿಗೇ ಬಂದಿದ್ದರು. ಮಾವನವರು ಗಾದಿಯ ಮೇಲೆ ತಾವೇ ಮಂಡಿಯೂರಿ ಕೂತು ಮೊದಲ ಸೀರೆ ಬಿಚ್ಚಿದರು. ಅಪ್ಪ ಅದರ ಕಡೆ ಸರಿಯಾಗಿ ನೋಡಲೂ ಇಲ್ಲ.

"ಯಾವುದಾದ್ರೂ ನಡೀತದರಿ ಬೀಗರ. ಇದ ಇರಲಿ. ಉಳಿದಾವೂ ಇಂಥಾವ ಕಟ್ರಿ" ಎಂದು ಎದ್ದು ನಿಂತ.

ಚಿಕ್ಕಮ್ಮಂದಿರ ಮುಖ ನೋಡುವಂತಿರಲಿಲ್ಲ. ಮಾವನವರ ಮುಖವಂತೂ ಇನ್ನೂ. ಗಿರಾಕಿಯನ್ನು ಅವರು ಅಳೆಯುತ್ತಿದ್ದುದು ಅವನು ಏನೇನು ಬೇಡ ಅಂದ ಎಂಬುದರ ಮೇಲೆ. "ಛಲೋ ಅದ ಅನ್ನಾವ ಬರೇ ಬಾಯಿ ಮಾಡ್ತಾನ. ಬ್ಯಾಡ ಅನ್ನಾವ ನೋಡಿರ್ತಾನ" ಎಂದು ಅಂಗಡಿಯ ಹುಡುಗರಿಗೆ ಪಾಠ ಮಾಡುವವರು. ತಮ್ಮ ಅರಿವೆಯನ್ನು ಬೀಗ ನೋಡಲೂ ಇಲ್ಲವಲ್ಲ ಎಂಬುದು ಅವರಿಗೆ ನಾಟಿತು. ಮದುವೆಯ ಪಂಕ್ತಿಯಲ್ಲಿ ಯಾರದೋ ಮುಂದೆ, "ನಮ್ಮ ಬೀಗರಿಗೆ ಅರಿವಿನೂ ಒಂದ, ಗೋಣಿಚೀಲಾನೂ ಒಂದ" ಅಂದರು. ಮಾತು ಎಲೆಯಿಂದ ಎಲೆಗೆ ದಾಟಿ ಅಪ್ಪನ ಕಿವಿಗೆ ಬಿತ್ತು.

ಅಲ್ಲಿಂದ ಅಪ್ಪ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಪಿಂಚಣಿ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಬಂದರೆ ಫೋನು ಮಾಡಿ ನನ್ನನ್ನು ಬಸ್ ಸ್ಟ್ಯಾಂಡಿಗೆ ಕರೆಸುವನು. ಶೇಂಗಾ ಹೋಳಿಗೆಯ ಡಬ್ಬಿ ಕೈಗಿಟ್ಟು, "ಆರಾಮ ಇದ್ದೀ?" ಎಂದು ಕೇಳಿ, ಮುಂದಿನ ಬಸ್ಸು ಹತ್ತಿಬಿಡುವನು. ಬಸ್ಸು ಹೋದ ಮೇಲೆ ನಾನು ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತು, ಮುಖ ತೊಳೆದುಕೊಂಡು ಮನೆಗೆ ಬರುತ್ತಿದ್ದೆ.

ಒಂದು ಸಲ ಮಾವನವರು ಹೋಳಿಗೆ ತಿನ್ನುತ್ತ, "ಪೋತ ಭಾಳ ಛಲೋ ಅದ. ಯಾರ ಕೊಟ್ಟರು?" ಎಂದರು.

"ಅಪ್ಪ. ಸ್ಟ್ಯಾಂಡಿನ್ಯಾಗ."

"ಮನೀಗ್ಯಾಕ ಬರಲಿಲ್ಲ?"

ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವರು ಉಳಿದ ಅರ್ಧ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದರು. ವಾರ ಕಳೆಯಿತು. ಅಟ್ಟದ ಮೇಲಿಂದ ಕೂಗಿದರು: "ಸೂನಬಾಯಿ, ನಿಮ್ಮ ಅಪ್ಪಾರು ಯಾವ ಗಾಡಿ ಹೊಡೀತಿದ್ರು?"

ಟಿ-72 ಎಂದೆ. ಡಬ್ಬಿ ಬಂತು. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಟ್ಯಾಂಕಿಗೆ ಬಸ್ತಾ ನಡೆಯಿತು. ನಳಿಕೆಗಳು ಮೂರು ನಮೂನೆ ಬಂದು ಒಂದು ಉಳಿಯಿತು. ಒಳಗಿನ ಸೀಟು, ಗೇರುಗಳ ರೆಸಿನ್ ಸೆಟ್ಟು ಬೇಕೇ ಎಂದು ಎಷ್ಟೋ ದಿನ ಯೋಚಿಸಿ, "ಬಾಗಿಲಾ ಹಾಕಿದ ಮ್ಯಾಲ ಯಾರಿಗೆ ಕಾಣ್ತದ? ಕಾಣದ ಅಸ್ತರಿಗೆ ರೇಶಿಮಿ ಯಾಕ?" ಎಂದು ಕೈಬಿಟ್ಟರು. ಒಂದೇ ಒಂದು ವಸ್ತುವನ್ನು ಮಾತ್ರ ಅವರು ತರಿಸಲು ಒಪ್ಪಲಿಲ್ಲ, ಹಿಂಭಾಗದಲ್ಲಿ ಮಡಿಚಿ ಕಟ್ಟುವ ದಪ್ಪ ಬಟ್ಟೆಯ ಹೊದಿಕೆ, ತಾಡಪತ್ರಿ. ಅದೂ ರೆಸಿನ್ನಿನಲ್ಲಿ ಎರಕ ಹೊಯ್ದದ್ದು ಸಿಗುತ್ತದೆ. "ಅರಿವಿ ವ್ಯಾಪಾರಿ ಮನ್ಯಾಗ ರೆಸಿನ್ ಅರಿವಿ? ನವಿ ಪೇಠದಾಗ ನನಗ ನಿಲ್ಲಾಕ ಕೊಡ್ತಾರೇನು?" ಎಂದು ಅಂಗಡಿಯ ಅತಿ ತೆಳು ಮಲ್ಮಲ್ಲಿನ ತುಂಡನ್ನು ಬಣ್ಣದಲ್ಲಿ ಅದ್ದಿ, ಮಡಿಸಿ, ತಾವೇ ಕಟ್ಟಿದರು. ಮಾಡಿದ್ದರಲ್ಲೆಲ್ಲ ಅವರಿಗೆ ಹೆಚ್ಚು ಹೆಮ್ಮೆ ಅದರ ಮೇಲೇ.

ಕೊನೆಯ ಕೆಲವು ಭಾಗಗಳನ್ನು ಬೀಗರೇ ಆರಿಸಲಿ ಎಂದರು. ಅಪ್ಪನನ್ನು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. "ಮಾವನೋರಿಗೆ ನಿನ್ನ ಕಡೆ ಕೆಲಸ ಅದ" ಎಂದಷ್ಟೇ ಹೇಳಿದೆ. ಕೆಲಸ ಎಂದರೆ ಅಪ್ಪ ಬರುವವನೇ. ಬಂದ, ಅಟ್ಟ ಹತ್ತಿದ, ತನ್ನ ಗಾಡಿಯನ್ನು ನೋಡಿದ. ಮಾವನವರು ಕಣ್ಣಿಗೆ ಹಚ್ಚಿಕೊಳ್ಳುವ ಭೂತಗನ್ನಡಿ ಸರಿಮಾಡಿಕೊಂಡು ಬಿಳಿ ಬಟ್ಟೆಯ ಮೇಲೆ ಭಾಗಗಳನ್ನು ಹರಡಿದರು. ನಾನೂ ನನ್ನ ಗಂಡನೂ ಮೆಟ್ಟಿಲ ಮೇಲೆ ಕೂತಿದ್ದೆವು. ಈ ಸಲವೂ ಕೆಟ್ಟರೆ ನನಗೆ ಬಸ್ ಸ್ಟ್ಯಾಂಡೇ ಗತಿ.

"ದೀಪದ ಜಾಳಿಗಿ ಇವೆರಡರಾಗ ಯಾವುದ್ರಿ ಬೀಗರ?"

"ನಾ ಒಳಗ ಕುಂತಾವ. ಹೊರಗ ಏನಿತ್ತು ನನಗೇನ ಗೊತ್ತು? ಯಾವುದಾದ್ರೂ ನಡೀತದರಿ."

ಮಾವನವರ ಕಿವಿ ಕೆಂಪಾಯಿತು. "ಬಕೀಟಾದ್ರೂ?"

"ಯಾವುದಾದ್ರೂ."

ನನ್ನ ಗಂಡ ಹಣೆಗೆ ಕೈ ಹಚ್ಚಿಕೊಂಡರು. ಮಾವನವರು ಭಾಗಗಳನ್ನು ಮತ್ತೆ ಡಬ್ಬಿಗೆ ತುಂಬತೊಡಗಿದರು. ಆಗ ಅಪ್ಪ ಬಾಗಿ ಟ್ಯಾಂಕಿನ ಹಿಂಭಾಗ ನೋಡಿದ.

"ಇದೇನ್ರಿ?"

"ತಾಡಪತ್ರಿ."

"ಅಲ್ಲ" ಎಂದ ಅಪ್ಪ. "ಇದು ಬ್ಯಾಡರಿ. ಎಷ್ಟೋ ವರ್ಷ ತಾಡಪತ್ರಿ ಹೊತಗೊಂಡ ಮಲಗೀನಿ, ಹಿಂಗಿರಲಿಲ್ಲ. ಇದರ ಎಳಿ ನೋಡ್ರಿ, ಇಷ್ಟ ಸಣ್ಣ ಗಾಡಿ ಮ್ಯಾಲ ಹಗ್ಗದಿಂದ ನೇಯ್ದಂಗ ಕಾಣ್ತಾವ."

ಅಂಗಡಿಯಲ್ಲೇ ಅತಿ ತೆಳುವಾದ ಮಲ್ಮಲ್ಲು ಅದು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಮಾವನವರು ಭೂತಗನ್ನಡಿಯನ್ನು ಕಣ್ಣಿಗಿಳಿಸಿ ಆ ತುಂಡನ್ನು ನೋಡಿದರು. ಅಪ್ಪ ಹೇಳಿದ್ದು ಸರಿ. ಅಳತೆಯಲ್ಲಿ ಟ್ಯಾಂಕು ಕುಗ್ಗಿತ್ತು, ನೂಲು ಕುಗ್ಗಿರಲಿಲ್ಲ. ಆಮೇಲೆ ಅವರು ಕನ್ನಡಿಯನ್ನು ಹಣೆಗೇರಿಸಿ ಮನೆಯೆಲ್ಲ ಕೇಳುವಂತೆ ಕೂಗಿದರು:

"ಸೂನಬಾಯಿ, ಚಾ ಇಡವಾ! ನಿಮ್ಮ ಅಪ್ಪಾರು ಅರಿವಿ ನೋಡ್ಯಾರ! ಬ್ಯಾಡ ಅಂದಾರ!"

ಅಪ್ಪನಿಗೆ ಏನೂ ತಿಳಿಯಲಿಲ್ಲ. ಚಹಾ ಕುಡಿಯುತ್ತ ಮಾವನವರು ಬಸ್ತಾದ ದಿನದ ಮಾತು ತೆಗೆದಾಗ ಅಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಅಲ್ರಿ ಬೀಗರ, ನಿಮ್ಮ ಅಂಗಡ್ಯಾಗ ಕುಂತು ನಾ ಅರಿವಿ ತಪಾಸ ಮಾಡ್ಲಿ? ನಿಮ್ಮ ಮ್ಯಾಲ ವಿಶ್ವಾಸ ಇಲ್ಲಂದಂಗ ಆಗೂದಿಲ್ಲೇನು?"

"ವಿಶ್ವಾಸ ಮನಸಿನ್ಯಾಗ ಇಡ್ರಿ ಮಾರಾಯರ. ಅರಿವಿ ಮಾತ್ರ ಬಿಚ್ಚಿಸಿ ನೋಡ್ರಿ. ಇಲ್ಲಂದ್ರ ನಾವು ಹುಟ್ಟಿದ್ದರ ಯಾಕ?"

ಅಂದು ಅಪ್ಪ ರಾತ್ರಿಯ ಊಟಕ್ಕೂ ಉಳಿದ. ಇಬ್ಬರೂ ಅಂಗಡಿಗೆ ಹೋಗಿ ತಾಡಪತ್ರಿಗೆ ಒಗ್ಗುವ ಬಟ್ಟೆ ಹುಡುಕಿ ಸೋತು ಬಂದರು. ಕೊನೆಗೆ ಮಾವನವರು ನವಿ ಪೇಠದ ಮಾನ ಮರ್ಯಾದೆ ಬದಿಗಿಟ್ಟು ರೆಸಿನ್ ತಾಡಪತ್ರಿ ತರಿಸಿದರು. ಅಪ್ಪ ಅದನ್ನು ನೋಡಲೆಂದೇ ಬಂದು, ಮಡಿಕೆ ಸರಿ ಇಲ್ಲವೆಂದು ಬೇಡ ಅಂದ. ಮತ್ತೊಂದು ಬಂತು. ಬಕೀಟನ್ನೂ, ಒಮ್ಮೆ ಒಪ್ಪಿದ ಜಾಳಿಗೆಯನ್ನೂ ಬೇಡ ಅನ್ನತೊಡಗಿದ. ಮಾವನವರು ಸಂತೋಷದಿಂದ ಬೈಯುತ್ತಿದ್ದರು. "ಎಂಥಾ ಚಿಕಿತ್ಸಕ ಗಿರಾಕಿ ತಂದ್ಯವಾ ಸೂನಬಾಯಿ!" ಚಿಕಿತ್ಸಕ ಎಂದರೆ ನಮ್ಮ ಕಡೆ ಎಲ್ಲವನ್ನೂ ಕೆದಕಿ ಹುಳುಕು ಹುಡುಕುವವನು. ಶೇಂಗಾ ಹೋಳಿಗೆಯ ಡಬ್ಬಿ ಈಗ ನೇರ ಅಡಿಗೆಮನೆಗೆ ಬರುತ್ತಿತ್ತು. ಟ್ಯಾಂಕು ಮುಗಿದಾಗ ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮೈಂದರ್ಗಿಗೆ ಒಯ್ದ. ಅಕ್ಕಲಕೋಟದಲ್ಲಿ ಪಕ್ಕದ ಸೀಟಿನವನು ಮುಟ್ಟಲು ಬಂದದ್ದಕ್ಕೆ ಜಗಳವನ್ನೂ ಆಡಿದನಂತೆ.

ಕಳೆದ ಬೇಸಿಗೆಯಲ್ಲಿ ಮಾವನವರು ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನನ್ನ ಅಪ್ಪನನ್ನು ನನ್ನ ಮನೆಯೊಳಗೆ ಕರೆದುಕೊಂಡು ಬಂದ ಮನುಷ್ಯ ಅವರು. ಆ ಋಣವನ್ನು ನಾನು ಎಂದೂ ತೀರಿಸಲಾರೆ.

ಸಾವಿನ ಮನೆಗೆ ಬೀಗರು ಅರಿವೆ ತರುವುದು ನಮ್ಮಲ್ಲಿ ಪದ್ಧತಿ. ಸೂತಕದ ದಿನಗಳು ಮುಗಿದು ಅಂಗಡಿ ಮತ್ತೆ ತೆರೆದ ಬೆಳಿಗ್ಗೆ ಮೊದಲ ಗಿರಾಕಿಯಾಗಿ ಅಪ್ಪ ಬಂದ, ನಮ್ಮ ಅತ್ತೆಯವರಿಗೆ ಸೀರೆ ಬೇಕೆಂದ. ನನ್ನ ಗಂಡ, "ಯಾವುದಾದ್ರೂ ಒಯ್ಯಿರಿ ಮಾವ, ನಿಮ್ಮದ ಅಂಗಡಿ" ಎಂದರು. ಅಪ್ಪ ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂತ.

"ಹಂಗಲ್ಲ. ಬಿಚ್ಚರಿ."

ಒಂದು ಬಿಚ್ಚಿದರು. "ಬ್ಯಾಡ." ಇನ್ನೊಂದು. "ಇದರ ಅಂಚು ಛಲೋ ಇಲ್ಲ, ಬ್ಯಾಡ." ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದ ನನ್ನ ಗಂಡ ನಾಲ್ಕನೆಯದನ್ನು ಬಿಚ್ಚುವಾಗ ಬಿಕ್ಕಿ ಬಿಕ್ಕಿ ಅಳತೊಡಗಿದರು. ಅಪ್ಪ ಅವರ ಬೆನ್ನ ಮೇಲೆ ಒಂದು ಕೈ ಇಟ್ಟ. ಇನ್ನೊಂದು ಕೈಯಿಂದ ಮೇಲಿನ ಸಾಲು ತೋರಿಸಿ, "ಅದನ್ನೂ ಬಿಚ್ಚಪ್ಪಾ" ಎಂದ.