ಅಟ್ಟದ ಮೇಲೆ ತಿಳಿಯಾದ ನೀರು

ನಾನು ಚಿಕ್ಕವನಿದ್ದಾಗ ನರಿಕೊಂಬಿನಲ್ಲಿದ್ದ ನಮ್ಮ ಮನೆಗೂ ನೇತ್ರಾವತಿಗೂ ಕೂಗಳತೆಯಷ್ಟೇ ದೂರ. ಮಳೆಗಾಲದ ಒಂದು ಬೆಳಿಗ್ಗೆ ನಮ್ಮಲ್ಲಿ ಹನಿ ಮಳೆಯಿಲ್ಲದಿದ್ದರೂ, ಘಟ್ಟದಲ್ಲಿ ಸುರಿದದ್ದೆಲ್ಲ ಇಳಿದು ಬಂದು ಹೊಳೆ ಉಕ್ಕಿತು. ನೀರು ಬಾವಿಕಟ್ಟೆಯನ್ನು ಮುಳುಗಿಸಿ ಜಗಲಿಗೆ ಏರಿತು. ಅಪ್ಪ, ಅಮ್ಮ, ಅಕ್ಕ, ನಾನು ಏಣಿ ಹತ್ತಿ ಅಟ್ಟ ಸೇರಿದೆವು.

ಅಮ್ಮ ಅಕ್ಕಿ, ಪಾತ್ರೆ, ಸೀಮೆಎಣ್ಣೆ ಸ್ಟವ್ ಎಲ್ಲವನ್ನೂ ಮೇಲಕ್ಕೆ ದಾಟಿಸಿದಳು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟಿದ್ದ ಭರಣಿಯನ್ನೂ ಬಿಡಲಿಲ್ಲ. ಅಪ್ಪ ತಮ್ಮ ಕ್ಷೌರದ ಡಬ್ಬಿ ತಂದದ್ದನ್ನು ಕಂಡು, "ಮನೆ ಮುಳುಗುವಾಗ ನಿಮಗೆ ಗಡ್ಡದ್ದೇ ಚಿಂತೆ" ಅಂದಳು. ಕುಡಿಯುವ ನೀರನ್ನು ಮಾತ್ರ ಯಾರೂ ತಂದಿರಲಿಲ್ಲ. ಅಂಗಳದಲ್ಲೇ ಬಾವಿ ಇದ್ದವರಿಗೆ ನೀರು ಎತ್ತಿಡಬೇಕೆಂದು ತೋಚುವುದಾದರೂ ಹೇಗೆ?

ಅಕ್ಕನಿಗೆ ಹಿಂದಿನ ದಿನದಿಂದ ಜ್ವರವಿತ್ತು. ಮಧ್ಯಾಹ್ನದ ಹೊತ್ತಿಗೆ ತುಟಿ ಒಡೆದು, "ನೀರು, ನೀರು" ಎಂದು ಕನವರಿಸತೊಡಗಿದಳು. ಹಂಚು ಕಾದು ಅಟ್ಟವೆಲ್ಲ ಬೇಯುತ್ತಿತ್ತು. ಸೀಮೆಎಣ್ಣೆ ಮತ್ತು ಕೆಸರಿನ ವಾಸನೆಗೆ ಉಸಿರು ಕಟ್ಟುತ್ತಿತ್ತು. ಹಸಿವು ತಾಳದೆ ನಾನು ಒಂದು ಸೊಳೆ ಬಾಯಿಗಿಟ್ಟೆ. ತೊಳೆಯದ ಉಪ್ಪಿಗೆ ನಾಲಿಗೆ ಉರಿದು ನನಗೂ ಬಾಯಾರಿಕೆ ಶುರುವಾಯಿತು. ಕಿಂಡಿಯಿಂದ ಇಣುಕಿದರೆ ಕಣ್ಣು ಹಾಯುವಷ್ಟು ದೂರ ನೀರು, ಕುಡಿಯಲು ಒಂದು ಗುಟುಕಿಲ್ಲ. ನನಗೆ ಅಳು ಬಂತು.

"ಅದನ್ನೇ ಸ್ವಲ್ಪ ಕೊಡುವ. ಇವಳು ಎಷ್ಟೂಂತ ತಡೆಯುವುದು?" ಅಂದಳು ಅಮ್ಮ.

"ಆ ಕೆಸರು ಕುಡಿಸಿದರೆ ವಾಂತಿಭೇದಿಯೂ ಸೇರ್ತದೆ ಮಾರಾಯ್ತಿ. ಮತ್ತೆ ಉಳಿಸಿಕೊಳ್ಳುವುದು ಹೇಗೆ?" ಎಂದರು ಅಪ್ಪ. ಆಮೇಲೆ ಕ್ಷೌರದ ಡಬ್ಬಿ ತೆರೆದರು. ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುವ ಪಟಿಕದ ಬಿಳಿ ತುಂಡು ಅದರಲ್ಲಿತ್ತು. ಪಾತ್ರೆಗೆ ಹಗ್ಗ ಕಟ್ಟಿ ಕಿಂಡಿಯಿಂದ ಇಳಿಸಿ ನೀರೆತ್ತಿದರು. ನೀರು ಚಹಾದ ಬಣ್ಣಕ್ಕಿತ್ತು. ಪಟಿಕವನ್ನು ಅದರಲ್ಲಿ ಅದ್ದಿ ಕೆಲವು ಸುತ್ತು ತಿರುಗಿಸಿ, ಪಾತ್ರೆಯನ್ನು ಮೂಲೆಯಲ್ಲಿಟ್ಟರು.

"ಯಾರೂ ಅಲ್ಲಾಡಬೇಡಿ. ಹಲಗೆ ಅದುರಿದರೆ ಮಣ್ಣು ಏಳ್ತದೆ" ಅಂದರು.

ಮೊದಲೇ ಸಿಕ್ಕಿಬಿದ್ದಿದ್ದೆವು, ಈಗ ಕಾಲು ಚಾಚುವಂತೆಯೂ ಇರಲಿಲ್ಲ. ಕಾಲು ಜೋಮು ಹಿಡಿದರೂ ಕುಳಿತೇ ಇದ್ದೆ. ಅಕ್ಕನ ಕನವರಿಕೆಯೂ ನಿಂತಿತು. ಆ ಮೌನಕ್ಕೆ ನನಗೆ ವಿಪರೀತ ಹೆದರಿಕೆಯಾಯಿತು. ಪಾತ್ರೆಯಲ್ಲಿ ಕೆಸರು ಹತ್ತಿಯಂತೆ ಉಂಡೆಯುಂಡೆಯಾಗಿ ಮೆಲ್ಲಗೆ ತಳಕ್ಕೆ ಇಳಿಯುತ್ತಿತ್ತು. ಅಪ್ಪ ಮೇಲಿನ ತಿಳಿಯನ್ನು ಬಸಿದು, ಬಟ್ಟೆಯಲ್ಲಿ ಸೋಸಿ, ಸ್ಟವ್ ಹೊತ್ತಿಸಿ ಚೆನ್ನಾಗಿ ಕುದಿಸಿದರು. ಆರಿದ ಮೇಲೆ ಅಮ್ಮ ಅಕ್ಕನ ತುಟಿಗೆ ಲೋಟ ಹಿಡಿದಳು. ಅಕ್ಕ ಕಣ್ಣು ಬಿಟ್ಟು, "ಇನ್ನೂ ಉಂಟಾ?" ಎಂದು ಕೇಳಿದಳು. ಅಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಸಂಜೆ ದೋಣಿ ಬಂತು.

ಪಟಿಕವೂ ಉಪ್ಪಿನ ಹಾಗೆ ಒಂದು ಲವಣ ಎಂದು ನಾನು ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ಬಟ್ಟೆಗೆ ಬಣ್ಣ ಹಿಡಿಸುವವರಿಗೂ ಕಾಗದ ಮಾಡುವವರಿಗೂ ಅದು ಬೇಕು. ಮಕ್ಕಳೇ, ನಿಮ್ಮ ನಲ್ಲಿಗೆ ಬರುವುದೂ ಅದೇ ಹೊಳೆಯ ನೀರು. ಅದರ ಕೆಸರು ದೊಡ್ಡ ತೊಟ್ಟಿಗಳಲ್ಲಿ, ಇದೇ ಪಟಿಕದಿಂದ, ನಿಮ್ಮ ಕಣ್ಣಿಗೆ ಬೀಳದೆ ತಳಕ್ಕೆ ಇಳಿಯುತ್ತದೆ. ನೀವು ಶಾಲೆಯಿಂದ ಬಂದವರೇ ಬಾಟಲಿಯಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿಯುತ್ತೀರಿ. ಮೂಡಬಿದ್ರೆಯಿಂದ ಬರುವ ದೊಡ್ಡಜ್ಜಿ ಅದಕ್ಕೆ ಗದರಿದರೆ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತೀರಿ. ಅಂದು ಅಟ್ಟದಲ್ಲಿ ಆ ಲೋಟಕ್ಕಾಗಿ ಕಾದು ಮಲಗಿದ್ದ ನನ್ನ ಅಕ್ಕ ಅವಳೇ.