ಮೋತಿಯ ಕಿವಿಗೆ ಬೆಳ್ಳುಳ್ಳಿ ಎಣ್ಣಿ

ದೋಸ್ತರೇ, ಇವತ್ತ ಅವ್ವನ ಮುಂದ ನಾನೇ ಗೆದ್ದೆ. ಪೂರಾ ಕೇಳಿದ ಮ್ಯಾಲ ನಗಬ್ಯಾಡ್ರಿ.

ನಮ್ಮ ನಾಯಿ ಮೋತಿಯ ಕಿವಿ ಸೋರಿ ನಾರಾಕತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣಿ ಬಿಡ್ತೀನಂತ ಅವ್ವ ಹಟ ಹಿಡಿದಿದ್ಲು. "ಸಣ್ಣವ ಇದ್ದಾಗ ನಿನ್ನ ಕಿವಿನೂ ಹಿಂಗೇ ನೆಟ್ಟಗ ಮಾಡೀನಿ," ಅಂದ್ಲು. ನಾ ಕೇಳಲಿಲ್ಲ. ಬಂಡಿ ಕಟ್ಟಿ, ಅವ್ವನ್ನೂ ಮೋತಿನೂ ಕೂಡಿಸ್ಕೊಂಡು ಕಮಲಾಪುರದಿಂದ ಕಲಬುರಗಿಗೆ ಹೋದೆ. ಕೋಟೆ ಹತ್ರ ನಿಜಾಮ ಸರ್ಕಾರದ ದನದ ದವಾಖಾನಿ ಅದ.

ಡಾಕ್ಟರ್ ಸಾಹೇಬ್ರು ಮೋತಿಯ ಕಿವಿ ಮಡಚಿ ನೋಡಿದ್ರು. "ಎಣ್ಣಿ ಬಿಲ್ಕುಲ್ ಹಾಕಬ್ಯಾಡ್ರಿ. ಒಳಗ ಹಸಿ ಉಳದ್ರ ಇನ್ನಷ್ಟು ಕೆಡ್ತದ. ಮೆತ್ತನ ಅರಿವೀಲೆ ಒರಸಿ, ಈ ದವಾ ಹಾಕ್ರಿ," ಅಂದ್ರು.

ನಾ ಅವ್ವನ ಕಡಿ ನೋಡಿ ಮೀಸಿ ತಿರುವಿದೆ.

ಅವ್ವ ಸಾಹೇಬ್ರನ್ನೇ ನೋಡಾಕತ್ತಿದ್ಲು. ಅವರ ತುರ್ಕಿ ಟೋಪಿ ಕೆಳಗ, ಕಿವ್ಯಾಗ ಒಂದು ಹತ್ತಿ ಉಂಡಿ ಇತ್ತು. "ಯಪ್ಪಾ, ಇದು ಬೆಳ್ಳುಳ್ಳಿ ವಾಸನಿ ಅಲ್ಲೇನ್ರಿ?" ಅಂದ್ಲು.

ಸಾಹೇಬ್ರ ಮುಖ ಕೆಂಪಾತು. "ಏನ್ ಮಾಡ್ಲಿ ಅವ್ವಾ, ನಮ್ಮ ಅಮ್ಮೀಜಾನ್ ಕೇಳಲಿಲ್ಲ."

ವಾಪಸ್ ಬರುವಾಗ ಬಂಡಿಯಾಗ ನನ್ನ ಕಿವಿ ಕಡಿಯಾಕತ್ತಿತು. ಬಾಜೂಕೇ ಅವ್ವ ಕೂತಿದ್ಲು; ದೇವರಾಣಿ, ಊರು ಮುಟ್ಟೋತನ ಕೆರಕೊಳ್ಳಾಕ ಕೈ ಎತ್ತಲಿಲ್ಲ.